ಗೇಟಿನಲ್ಲಿ ನಿಂತವರು

ರೈಲು ಸಿಗುತ್ತದೆ, ರೈಲಿಗೇನೂ ಬರವಿಲ್ಲ.
ಉಗಿಯದು, ಡೀಸೆಲ್ಲಿನದು, ಹಣೆಗೆ ಕೆಂಪು ನಕ್ಷತ್ರ ಹೊತ್ತದ್ದು,
ಒಳಗೆ ದೀಪ ಹತ್ತಿ ಊಟದ ಮೇಜು ಕಾಣುವಂಥದು,
ಬುಡಾಪೆಸ್ಟಿನ ಯಾವ ಅಂಗಡಿಗೆ ಹೋದರೂ
ಗಾಜಿನ ಹಿಂದೆ ಸಾಲುಸಾಲು.
ನನಗೆ ಬೇಕಾದ್ದು ಕಾದು ನಿಂತವರು.

ಮೂವತ್ತೊಂದು ವರ್ಷ ಗೇಟು ಕಾದವಳು ನಾನು,
ಶಾರ್ವಾರದ ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆ
ಹಳಿ ದಾಟುವಲ್ಲಿ.
ರೈಲಿಗೆ ಬೆನ್ನು ಹಾಕಬಾರದು, ಅದು ನಿಯಮ.
ಬಾವುಟ ಸುತ್ತಿ ಹಿಡಿದು ಮುಖ ಕೊಟ್ಟು ನಿಂತಿದ್ದೇನೆ, ನಿಜ.
ಆದರೆ ರೈಲೆಂದರೆ ನನ್ನ ಪಾಲಿಗೆ ಗಾಳಿ, ಧೂಳು, ಅರೆ ನಿಮಿಷ.
ಮಿಕ್ಕ ಎಂಟು ನಿಮಿಷ
ಅಡ್ಡತೊಲೆಯ ಆಚೆ ನಿಂತ ಬಸ್ಸು, ನಿಂತ ಲಾರಿ.
ಅವರೇ ನನ್ನ ನೆಂಟರು.

ನೀಲಿ ಬಸ್ಸು ಬೆಳಗಿನ ಆರೂ ಹತ್ತರದು.
ಎಂಜಿನ್ನು ಹಿಂದೆ, ಹಿಂಭಾಗ ಉಬ್ಬಿ ದುಂಡಗೆ;
ಊರೆಲ್ಲ ಅದನ್ನು ಕುಂಡಿ ಬಸ್ಸೆಂದೇ ಕರೆಯುತ್ತಿತ್ತು,
ಮೇಷ್ಟರೂ ಹಾಗೇ, ಪಾದ್ರಿಯೂ ಹಾಗೇ.
ಓಡಿಸುತ್ತಿದ್ದವನು ಕಾಲ್ಮಾನ್.
ಬರುವುದು ಪ್ಯಾಸೆಂಜರೋ ಗೂಡ್ಸೋ ಎಂದು
ನನ್ನ ಮುಖ ನೋಡಿಯೇ ತಿಳಿದು
ಗೂಡ್ಸಾದರೆ ಎಂಜಿನ್ ಆಫ್ ಮಾಡಿಬಿಡುತ್ತಿದ್ದ.
ಆಗ ಕೇಳುತ್ತಿತ್ತು
ಒಳಗೆ ಯಾರೋ ಕೆಮ್ಮಿದ್ದು, ಬುಟ್ಟಿಯ ಕೋಳಿ,
ಹೊಲದ ಮೇಲೆಲ್ಲೋ ಬಾನಾಡಿ.

ಆ ಬಸ್ಸನ್ನು ಹುಡುಕುತ್ತ ಎಚೆರಿ ಸಂತೆಗೆ ಹೋದೆ,
ಕೈಚೀಲದಲ್ಲಿ ಅಡಿಪಟ್ಟಿ, ಭೂತಕನ್ನಡಿ.
ನನ್ನ ಗೇಟು ಈಗ ಅಡುಗೆಮನೆಯ ಹಲಗೆಯ ಮೇಲಿದೆ,
ಎಂಬತ್ತೇಳರಲ್ಲೊಂದು ಪಾಲು.
ಮಾರುವವನು ತೆಗೆದುಕೊಟ್ಟದ್ದು
ಬಣ್ಣ ಸರಿ, ಕುಂಡಿ ಸರಿ,
ಪಾಲು ಮಾತ್ರ ಎಪ್ಪತ್ತೆರಡರಲ್ಲೊಂದು.
"ಒಂದೂವರೆ ಬೆರಳು ಉದ್ದವಾಯಿತು, ಯಾರಮ್ಮಾ ಅಳೆಯುತ್ತಾರೆ?"
ಅಳೆಯುವವಳು ನಾನಪ್ಪ.
ಅದು ಬಂದು ನಿಂತರೆ ನನ್ನ ಗೇಟುಮನೆ ಕೋಳಿಗೂಡು,
ಬಾವುಟ ಹಿಡಿದ ನಾನು ಎಳೆಗೂಸು.

ಲಾರಿ ಸಿಕ್ಕಿದ್ದು ಬೇರೆ ಕತೆ.
ಬೂಟಿನ ಡಬ್ಬಿಯ ತಳದಲ್ಲಿ, ಕಾಲು ಮುರಿದ ಕುದುರೆಗಳ ಕೆಳಗೆ,
ಪೂರ್ವ ಜರ್ಮನಿಯ ಪ್ಲಾಸ್ಟಿಕ್ಕು, ಮೊಂಡು ಮೂತಿ,
ಒಂದು ಚಕ್ರವೇ ಇಲ್ಲ.
ಅಳೆದೆ. ಕೂದಲೆಳೆಯಷ್ಟೂ ತಪ್ಪಿಲ್ಲ.
ಇನ್ನೂರು ಫೋರಿಂಟ್ ಕೊಟ್ಟು ಚೌಕಾಸಿ ಮರೆತು ಬಂದೆ.
ಕಾಣದ ಬದಿಗೆ ಅಂಗಿಯ ಗುಂಡಿ ಅಂಟಿಸಿ ನಿಲ್ಲಿಸಿದೆ.

ಹಿಂದಿನ ತೊಟ್ಟಿಗೆ ಬಿಳಿ ಸಾಸಿವೆ ತುಂಬಿದೆ.
ಲೆಕ್ಕ ಹಾಕಿ ಬೇಕಾದರೆ:
ಸಾಸಿವೆ ಎಂಬತ್ತೇಳು ಪಟ್ಟು ದೊಡ್ಡದಾದರೆ
ಸರಿಯಾಗಿ ಒಂದು ಬೀಟ್ ಗೆಡ್ಡೆ, ಸಕ್ಕರೆಯದು.
ಅಕ್ಟೋಬರಿನಲ್ಲಿ ಲಾರಿ ಹಳಿ ಹತ್ತಿ ಕುಲುಕಿದಾಗ
ಎರಡೋ ಮೂರೋ ಉದುರುತ್ತಿದ್ದವು.
ಒಬ್ಬನು ಬೇಕೆಂದೇ ಕುಲುಕಿಸುತ್ತಿದ್ದ.
ರಾತ್ರಿ ಅವನ್ನು ಹೆಚ್ಚಿ, ಬೇಯಿಸಿ, ಹಿಂಡಿ, ಕಪ್ಪಗೆ ಪಾಕ ಬರಿಸಿ
ಬ್ರೆಡ್ಡಿಗೆ ಸವರಿ ಇಬ್ಬರನ್ನು ಬೆಳೆಸಿದೆ.
ಯಾರವನು ಎಂದು ಹೇಳಲಾರೆ.
ಲೆಕ್ಕದ ಪುಸ್ತಕ ಇಲಿ ತಿಂದಿರಬಹುದು,
ಆದರೂ ಹೇಳಲಾರೆ.
ಹಳಿಗಳ ನಡುವೆ ಮೂರು ಕಾಳು ಅಂಟಿಸಿದ್ದೇನೆ,
ಅಷ್ಟೇ.

ಬಸ್ಸು ಇನ್ನೂ ಸಿಕ್ಕಿಲ್ಲ.
ಗ್ಯೋರಿನಲ್ಲಿ ಒಬ್ಬರ ಬಳಿ ಇದೆಯಂತೆ, ಕೆಂಪಂತೆ, ಕೊಡುವುದಿಲ್ಲವಂತೆ.
ಲಾರಿಯ ಮುಂದೆ ಜಾಗ ಬಿಟ್ಟಿದ್ದೇನೆ,
ನೂರಮೂವತ್ತೊಂದು ಮಿಲಿಮೀಟರ್ ಬರಿಯ ಡಾಂಬರು.

ಮೊನ್ನೆ ಪಕ್ಕದ ಮನೆಯ ಬೊಟೊಂಡ್ ಬಂದಿದ್ದ, ಒಂಬತ್ತು ವರ್ಷ.
ರೈಲು ಓಡಿಸಿ ಓಡಿಸಿ ಸಾಕಾಗಿ
ಗಲ್ಲವನ್ನು ಹಲಗೆಗೆ ಆನಿಸಿ ನೋಡಿದ.
"ಎತೆಲ್ಕಾ ಅಜ್ಜಿ, ಲಾರಿ ಯಾಕೆ ಅಷ್ಟು ಹಿಂದೆ ನಿಂತಿದೆ?
ಮುಂದೆ ಯಾರೂ ಇಲ್ಲವಲ್ಲ."

ಇದ್ದಾನಪ್ಪ, ಎಂದೆ.
ಎಂಜಿನ್ ಆಫ್ ಮಾಡಿದ್ದಾನೆ, ನೋಡು,
ಅದಕ್ಕೇ ನಿನಗೆ ಕೇಳುತ್ತಿಲ್ಲ.