ಯಾವ ಬಣ್ಣದ ದಾರ

ಮೇಣದ ಬಿಲ್ಲೆಯೊಳಗೆ ಕಡಲೆಬೇಳೆಯಷ್ಟು ಮಾಂಸ.
ಮಾಬುನ್ನಿ, ಮೂವತ್ತೊಂದು, ಕೌಲ್‌ಬಜಾರು,
ಬಲಗೈ ತೋರುಬೆರಳು, ಮೂರು ವರ್ಷದ ಗಂಟು.
ಚೀಟಿಯಲ್ಲಿ ಇಷ್ಟೇ. ಅಡಿಯಲ್ಲಿ ಡಾಕ್ಟರ ಗೀಚು:
ಕ್ಷಯ ಇದೆಯೇ, ನೋಡಿ.

ಬಳ್ಳಾರಿಯ ಮೇ ತಿಂಗಳಲ್ಲಿ ಮೇಣ ಮಾತು ಕೇಳುವುದಿಲ್ಲ.
ಮಂಜುಗಡ್ಡೆಯ ಮೇಲಿಟ್ಟು, ಕೂಸಿನ ಜ್ವರ ಇಳಿಯಲೆಂದು
ಕಾಯುವ ಹಾಗೆ ಕಾಯಬೇಕು. ಆಮೇಲೆ ಗಾಲಿ ತಿರುವಿದರೆ
ಅಲಗಿನಿಂದ ಇಳಿಯುತ್ತದೆ ಪದರು, ಈರುಳ್ಳಿ ಪೊರೆಗಿಂತ ತೆಳ್ಳಗೆ,
ಬೆಚ್ಚನೆಯ ನೀರಲ್ಲಿ ಸುಕ್ಕು ಬಿಚ್ಚಿಕೊಂಡು ತೇಲುತ್ತದೆ.
ಫ್ಯಾನು ಹಾಕುವಂತಿಲ್ಲ. ಉಸಿರೂ ಆ ಕಡೆ ಬಿಡುವಂತಿಲ್ಲ.
ಹತ್ತೊಂಬತ್ತು ವರ್ಷದಿಂದ ಈ ಊರಿನ ಒಳಮೈಯನ್ನು
ಹೀಗೆ ನೀರಿಂದ ಗಾಜಿಗೆ ಎತ್ತಿಕೊಳ್ಳುತ್ತ ಬಂದಿದ್ದೇನೆ.

ಮೊದಲು ನೀಲಿ, ಆಮೇಲೆ ಗುಲಾಬಿ.
ನೀಲಿ ಕೈಗೆ ಹತ್ತಿದರೆ ವಾರ ಹೋಗುವುದಿಲ್ಲ.
ಅವಳ ಓಣಿಯಲ್ಲೂ ಹಾಗೇ, ಜೀನ್ಸ್ ತೊಳೆದ ನೀರಿನ
ಮೋರಿ ದಾಟಿದ ಬೆಕ್ಕಿನ ಕಾಲೂ ನೀಲಿ.

ಕಣ್ಣಿಟ್ಟೆ. ಗುಡ್ಡದ ಮೇಲಿನ ಕೋಟೆಗೆ ಹೋಲಿಸಬೇಕೆನಿಸಿತು,
ಬಿಟ್ಟೆ. ಕೋಟೆಗೊಬ್ಬ ದೊರೆ ಬೇಕು,
ಇಲ್ಲಿ ಯಾರೂ ಅಪ್ಪಣೆ ಕೊಟ್ಟಿಲ್ಲ.
ಮೊದಲು ಓಡಿಬಂದವು ಸತ್ತು ಕೀವಾಗಿ ಹೋಗಿವೆ.
ಹಿಂದೆ ಬಂದವು ನುಂಗುವ ಕೋಶಗಳು, ನಿಧಾನದವು, ಹಟದವು.
ಒಂದಕ್ಕೆ ನುಂಗಲಾಗದ್ದನ್ನು ಎರಡು, ಎರಡಕ್ಕಾಗದ್ದನ್ನು ಹತ್ತು,
ಕಡೆಗೆ ನಡುವಿನ ಗೋಡೆ ಕೆಡವಿಕೊಂಡು
ಇಪ್ಪತ್ತು ಬೀಜಗಳ ಒಂದೇ ಮುದ್ದೆಯಾಗಿ ಕೂತಿವೆ,
ಸುತ್ತ ನಾರಿನ ಬೇಲಿ.
ನುಂಗಲಾಗಲಿಲ್ಲ. ಬಿಡಲೂ ಇಲ್ಲ.

ಇನ್ನೊಂದು ಗಾಜಿನ ಮೇಲೆ ಕ್ಷಯದ ಕೆಂಪು ಕಡ್ಡಿ ಹುಡುಕಿದೆ,
ಮೂಲೆಯಿಂದ ಮೂಲೆಗೆ, ಚಹಾ ಆರುವ ತನಕ. ಇಲ್ಲ.
ಆದರೆ ಯಾರೋ ಮೊದಲೇ ಗುಳಿಗೆ ಶುರು ಮಾಡಿಸಿದ್ದರು.
ನಾಲ್ಕು ತಿಂಗಳು ಮೂತ್ರ ಕೆಂಪು, ಆಮೇಲೆ ಕಣ್ಣು ಹಳದಿ,
ಮನೆಯಲ್ಲಿ ತಾಟು ಬೇರೆ, ಲೋಟ ಬೇರೆ.
ಇಲ್ಲದ ರೋಗಕ್ಕೆ ಲಿವರು ದಂಡ ಕಟ್ಟಿತ್ತು.

ಬೆಳಕಿಗೆ ಅಡ್ಡಗಾಜು ತಿರುವಿದೆ. ಎಲ್ಲ ಕತ್ತಲಾಯಿತು.
ಆ ಮುದ್ದೆಯ ನಡುವೆ ಒಂದು ಎಳೆ ಹೊಳೆಯಿತು,
ಬಾವಿಯ ತಳದಲ್ಲಿ ಬಳೆಚೂರು ಹೊಳೆದ ಹಾಗೆ.

ನನ್ನ ಮೊಣಕಾಲ ಕೆಳಗೂ ಒಂದು ಉಕ್ಕಿನ ಪಟ್ಟಿ ಇದೆ,
ಆರು ಮೊಳೆ, ತೋರಣಗಲ್ಲು ರಸ್ತೆಯ ಅದಿರು ಲಾರಿಯ ಕೃಪೆ.
ಅದರ ಮೇಲೆ ಯಾರೂ ದಂಡೆತ್ತಿ ಬಂದಿಲ್ಲ,
ಮೂಳೆ ಅದನ್ನು ತಬ್ಬಿಕೊಂಡೇ ಬೆಳೆದಿದೆ.
ಅಷ್ಟು ಉಕ್ಕಿಗೆ ಸುಮ್ಮನಿರುವ ಮೈ
ಅರ್ಧ ಅಕ್ಕಿಕಾಳಿನಷ್ಟು ದಾರಕ್ಕೆ ಯಾಕಿಷ್ಟು ಕೆರಳುತ್ತದೋ.
ಪುಸ್ತಕದಲ್ಲಿ ಕಾರಣ ಇದೆ. ಓದಿದ್ದೇನೆ. ಆದರೂ.

ರಿಪೋರ್ಟಿಗೆ ಅವಳೇ ಬಂದಳು, ಬ್ಯಾಂಡೇಜಿನ ಬೆರಳನ್ನು
ಬೇರೆ ಯಾರದ್ದೋ ಎಂಬಂತೆ ದೂರ ಹಿಡಿದು.
"ಏನ್ ಸಿಕ್ತ್ರಿ ಸರ್ ಅದ್ರಾಗ?"
"ದಾರ. ಸೂಜಿ ಚುಚ್ಚಿತ್ತಾ ಯಾವಾಗಾದ್ರೂ?"
"ಎರಡು ಸಲ, ಒಂದೇ ಬೆರಳಿಗೆ. ಪ್ಲೇಯರಿನಿಂದ ಕಿತ್ತು
ಮತ್ತ ಮಿಷನ್ನಿಗೆ ಕುಂತಿದ್ದೆ."
ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಯಾವ ಬಣ್ಣದ್ದು?"

ನಾನು ಮುಖ ನೋಡಿದೆ.
"ಕೇಸರಿ ಆದ್ರ ಪೆದ್ದಣ್ಣನ ಯೂನಿಟ್ಟು. ಬಿಳೇದಾದ್ರ ಶೇಟಂದು.
ಇಬ್ರೂ ನಮ್ಮಲ್ಲಿ ಆಗಿದ್ದಲ್ಲ ಅಂತಾರ."

ಅಡ್ಡಗಾಜಿನ ಬೆಳಕಲ್ಲಿ ಎಲ್ಲ ದಾರವೂ ಒಂದೇ ಬಿಳುಪು.
ತೆಗೆದು ನೋಡಿದರೆ ಗುಲಾಬಿ, ಅದು ನಾನೇ ಹಚ್ಚಿದ್ದು.
ರಿಪೋರ್ಟಿನಲ್ಲಿ ಬಣ್ಣ ಬರೆಯಲು ಜಾಗವೇ ಇಲ್ಲ.

"ಕೂಡ್ರಿ" ಅಂದೆ.
ಫ್ಯಾನು ಆರಿಸಿ, ಬಿಲ್ಲೆಯನ್ನು ಮತ್ತೆ ಮಂಜುಗಡ್ಡೆಯ ಮೇಲಿಟ್ಟೆ.
ಈ ಸಲದ ಪದರನ್ನು ನೀಲಿಗೂ ಅದ್ದುವುದಿಲ್ಲ,
ಗುಲಾಬಿಗೂ ಇಲ್ಲ.