ಏಳು ಎಣಿಸುವಷ್ಟು ಹೊತ್ತು

ಪೆಟ್ಟಿಗೆಯ ಬೀಗದ ಕೈ ನನ್ನ ಕೊರಳಲ್ಲಿ.
ಆ ವರ್ಷ ಅದೇ ನನ್ನ ಮೇಷ್ಟ್ರುಗಿರಿ:
ಎಂಟೂಕಾಲಿಗೆ ಬೀಗ ತೆಗೆ,
ಬ್ಯಾಟರಿಗಳ ತಂತಿ ಸಿಕ್ಕಿಸು,
ಮರಳುಗಾಡಿನ ಗಾಳಿ ಹೊತ್ತು ತಂದ ಬೂದುಧೂಳನ್ನು
ಗಾಜಿನ ಮೇಲಿಂದ ಅಂಗಿತೋಳಲ್ಲೇ ಒರೆಸು,
ಆಮೇಲೆ ಪಕ್ಕಕ್ಕೆ ಸರಿದು ನಿಲ್ಲು.
ಹನ್ನೊಂದು ವರ್ಷ ಸೀಮೆಸುಣ್ಣ ತಿಂದ ಬೆರಳು
ಜೇಬಿನಲ್ಲಿ ಸುಮ್ಮನೆ.

ಅವಳು ಬರುತ್ತಿದ್ದಳು
ಬ್ವಾಕೆಯ ಸ್ಟುಡಿಯೋದಿಂದ, ಕಪ್ಪು ಬಿಳುಪಿನಲ್ಲಿ:
ಇಸ್ತ್ರಿಯ ಕಾಲರು, ಕಿವಿಯಲ್ಲಿ ಚಿಕ್ಕ ಮುತ್ತು.
ನಮ್ಮ ಬಾವುಲೆ ಒಂದಕ್ಷರ ಇಲ್ಲ,
ಅಚ್ಚ ಫ್ರೆಂಚು, ಅರಳು ಹುರಿದಂತೆ.
ಮದಾಂ ಒರ್ತಾನ್ಸ್!
ಐವತ್ತೆರಡು ಮಕ್ಕಳು ಎದ್ದು ನಿಂತು
ಗಾಜಿಗೆ ನಮಸ್ಕಾರ ಹೇಳುತ್ತಿದ್ದರು.

ಕಿತ್ತಳೆ ಕೊಯ್ದು ಕೇಳುವಳು:
ನಾಲ್ಕರಲ್ಲೊಂದು ಪಾಲು ತಿಂದರೆ ಉಳಿದದ್ದೆಷ್ಟು?
ಕೇಳಿ ಸುಮ್ಮನಾಗುವಳು,
ನಗುಮುಖ ಹಾಗೇ ಹಿಡಿದು, ರೆಪ್ಪೆಯೂ ಬಡಿಯದೆ.
ಎಣಿಸಿದ್ದೇನೆ ನಾನು, ಸರಿಯಾಗಿ ಏಳು.
ಮಾಡು ಹಾರುವಂತೆ ಕೂಗುವರು ಮಕ್ಕಳು: ಮುಕ್ಕಾಲು!
"ಶಭಾಷ್," ಅನ್ನುವಳು.
ಐವತ್ತೆರಡು ಮುಖಗಳಲ್ಲಿ ಒಟ್ಟಿಗೆ ದೀಪ.

ಗುಟ್ಟು ಮೊದಲು ಹತ್ತಿದ್ದು ಕೊನೆಯ ಬೆಂಚಿನ ಎನ್‌ದ್ರಿಗೆ.
ಒಂದು ದಿನ ಎಲ್ಲರಿಗಿಂತ ಮುಂಚೆ ಕೂಗಿದ: ಆಡು!
"ಶಭಾಷ್," ಅಂದಳು ಆಕೆ, ಕತ್ತು ತುಸು ವಾಲಿಸಿ.
ಆಮೇಲೆ ಕೇಳಬೇಕೆ.
ಹೊಳೆ ಹುಟ್ಟುವುದೆಲ್ಲಿ? ಹೆಡ್‌ಮಾಸ್ಟರ ಹೊಟ್ಟೆಯಲ್ಲಿ.
ಹತ್ತರ ಅರ್ಧ? ಆಡಿನ ಬಾಲ.
ಶಭಾಷ್. ಶಭಾಷ್.
ನಾನೂ ನಕ್ಕೆ, ಗೋಡೆಯ ಕಡೆ ತಿರುಗಿ.
ಇನ್‌ಸ್ಪೆಕ್ಟರ ಕಿವಿಗೆ ಬಿದ್ದಿದ್ದರೆ ನನ್ನ ಗತಿ!

ನಗದೆ ಕೂತವಳು ಅಫ್ವೆ ಒಬ್ಬಳೇ.
ಅರ್ಥವಾಯಿತೆ, ಮಕ್ಕಳೇ? ಎಂದಿತು ಗಾಜು.
ಒಂದು. ಎರಡು. ಮೂರರ ಹೊತ್ತಿಗೆ ಅವಳು, ಮೆಲ್ಲಗೆ:
"ಇಲ್ಲ."
"ಬಹಳ ಸಂತೋಷ. ಮುಂದೆ ಹೋಗೋಣ."
ಅಫ್ವೆ ಕತ್ತು ತಿರುಗಿಸಿದಳು.
ಆ ವರ್ಷ ಮೊದಲ ಸಲ
ನಾನು ನಿಂತ ದಿಕ್ಕಿಗೆ ಯಾರೋ ನೋಡಿದ್ದು.

ಗುಂಡಿ ತಿರುಗಿಸಿ ದನಿ ಇಳಿಸಿದೆ.
ತುಟಿ ಆಡುತ್ತಲೇ ಇತ್ತು, ನೀರೊಳಗಿನ ಮೀನಿನ ಹಾಗೆ.
ಕಿತ್ತಳೆ ಎಲ್ಲಿಂದ ತರಲಿ?
ನನ್ನ ಬುತ್ತಿಯಲ್ಲಿ ಬೇಯಿಸಿದ ಮುಡಿಗೆಣಸಿತ್ತು.
ಕೊಯ್ದೆ, ನಾಲ್ಕು ತುಂಡು. ಒಂದನ್ನು
ಎನ್‌ದ್ರಿಯ ಬಾಯಿಗಿಟ್ಟೆ, ಬಾಯಿ ಮುಚ್ಚಲಿ ಎಂದೇ.
ಅಫ್ವೆಯ ತೊಡಕು ಇಷ್ಟೇ:
ಮೂರಿದ್ದೂ ಒಂದಕ್ಕಿಂತ ಕಡಿಮೆ ಹೇಗೆ?

ಏಳಕ್ಕೆ ನಿಲ್ಲಲಿಲ್ಲ ನಾನು.
ನಲವತ್ತರ ತನಕ ಎಣಿಸಿ, ಎಣಿಕೆಯನ್ನೇ ಬಿಟ್ಟೆ.
ಉಗುರಿನಿಂದ ಒಂದೊಂದೇ ತುಂಡು ಸರಿಸಿ,
ಮತ್ತೆ ಕೂಡಿಸಿ, ಎನ್‌ದ್ರಿಯ ಕೆನ್ನೆ ನೋಡಿ,
ಖಾಲಿ ಜಾಗಕ್ಕೆ ಬೆರಳಿಟ್ಟಳು.
ಶಭಾಷ್ ಅನ್ನಲು ನಾಲಗೆ ಏಳಲಿಲ್ಲ.
ಗೆಣಸು ಕೊಟ್ಟೆ.

ಬೀಗ, ಪೆಟ್ಟಿಗೆ, ಯೋಜನೆ ಎಲ್ಲ ಮುಗಿದು
ಎಷ್ಟೋ ಮಳೆಗಾಲ ಕಳೆದ ಮೇಲೆ, ಬ್ವಾಕೆಯ ಸಂತೆಯಲ್ಲಿ
ಬದನೆ ಆರಿಸುತ್ತಿದ್ದರು ಆಕೆ. ಬಣ್ಣದಲ್ಲಿ.
ನರೆತ ಕೂದಲು. ಅದೇ ಚಿಕ್ಕ ಮುತ್ತು.
ಇಂಥ ಊರಿನ ಮೇಷ್ಟ್ರು ಎಂದೆ.
ಕೈಯ ಬದನೆ ಕೆಳಗಿಟ್ಟು ಕೇಳಿದರು:
"ನನ್ನೆದುರು ಬರೀ ಒಂದು ಕರಿಗಣ್ಣು,
ಪಕ್ಕದಲ್ಲಿ ಗಡಿಯಾರ ಹಿಡಿದವನೊಬ್ಬ.
ಆ ಸುಮ್ಮನಿರುವ ಹೊತ್ತು ಬಂದರೆ ದಿನಾ ಭಯ.
ನಿಜ ಹೇಳಿ, ಮಕ್ಕಳು ಉತ್ತರ ಹೇಳುತ್ತಿದ್ದರೆ?"

ಕೇಳಿ ಸುಮ್ಮನಾದರು.
ಐದು, ಆರು, ಏಳು.
ಎಂಟು ದಾಟಿತು. ರೆಪ್ಪೆ ಬಡಿದರು. ಕಾದರು.
ಹೇಳುತ್ತಿದ್ದರು, ಎಂದೆ.
ಒಂದು ದಿನ "ಆಡು" ಎಂದರು.