ಬಲಗಡೆಯದು

ಬಿಸಿನೀರಿನ ತೊಟ್ಟಿಯಿಂದ ತೆಗೆದ ಬಿಳಿ ಜಾಳಿಗೆ
ಹಪ್ಪಳದ ಹಿಟ್ಟಿನಷ್ಟು ಮೆತ್ತಗೆ.
ಹುಚ್ರಾಯಪ್ಪನ ಮುಖದ ಮೇಲೆ ಎಳೆದು ಹಿಡಿದೆವು.
ಕೆಲವೇ ನಿಮಿಷ, ಗಟ್ಟಿಯಾಯಿತು:
ಮೂಗಿದೆ, ಹುಬ್ಬಿದೆ, ಬಾಯಿಯ ಜಾಗದಲ್ಲಿ ಬರೀ ಉಬ್ಬು.
ಹಣೆಯ ಪಟ್ಟಿಯ ಮೇಲೆ ಹೆಸರು, ನಂಬರು ಬರೆದೆ.
"ಯಾವ ದೇವ್ರಿಗೆ ಮೇಡಂ ಈ ಮುಖವಾಡ?" ಅಂದ, ಎದ್ದು ಕೂತವನೇ.

ಅವನ ಕೆಲಸ ಕೂಗುವುದು.
ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣ, ಬೆಳಗಿನ ಐದೂವರೆ,
ಆಯನೂರು ಕುಂಸಿ ಆನಂದಪುರ ಸಾಗರ
ಒಂದೇ ಉಸಿರಿಗೆ, ನಡುವೆ ಅಲ್ಪವಿರಾಮವಿಲ್ಲ;
ಆಮೇಲೆ ಎರಡು ಬೆರಳು ಬಾಯಿಗಿಟ್ಟು ಒಂದು ಸೀಟಿ,
ಬಸ್ಸು ಹೊರಡುತ್ತದೆ.
ಇಪ್ಪತ್ತೆರಡು ವರ್ಷ. ಕೆನ್ನೆಯಲ್ಲಿ ಗುಟ್ಕಾ, ಅದೂ ಅಷ್ಟೇ ವರ್ಷ.

ನನ್ನ ಕೆಲಸ ಗೆರೆ ಎಳೆಯುವುದು.
ಮೂರು ಮಿಲಿಮೀಟರಿಗೊಂದರಂತೆ ಸೀಳಿದ ಕತ್ತು,
ಪರದೆಯ ಮೇಲೆ ಹೋಳು ಹೋಳು.
ಕೆಂಪು ಗೆರೆ ಮಾತ್ರ ಡಾಕ್ಟರ್ ನಫೀಸಾ ಅವರದು:
ನಾಲಿಗೆಯ ಬುಡ, ಎಡಕ್ಕೆ, ಮತ್ತೆ ಕತ್ತಿಗೆ ಇಳಿದ ಒಂದು ಗಂಟು.
ಅಲ್ಲಿಗೆ ಎಪ್ಪತ್ತು ಗ್ರೇ, ಮೂವತ್ತೈದು ದಿನಕ್ಕೆ ಹಂಚಿ.
ಅದರಲ್ಲಿ ಚೌಕಾಸಿಯಿಲ್ಲ.
ಉಳಿದದ್ದೆಲ್ಲ ಚೌಕಾಸಿ.
ಬೆನ್ನುಹುರಿ ನಲವತ್ತೈದು ದಾಟಿದರೆ ಒಪ್ಪುವುದಿಲ್ಲ,
ದವಡೆಮೂಳೆ ಗೊಣಗುತ್ತದೆ,
ಎಡಗಡೆಯ ಜೊಲ್ಲುಗ್ರಂಥಿ ಗಂಟಿಗೆ ಅಂಟಿಕೊಂಡೇ ಕೂತಿದೆ,
ಕೆಂಡದ ಪಕ್ಕ ಇಟ್ಟ ಬೆಣ್ಣೆ.
ಅದನ್ನು ಬಿಟ್ಟುಕೊಟ್ಟೆ.
ಬಲಗಡೆಯದು ಉಳಿಯಬೇಕು.

ಮೊದಲ ಪ್ಲಾನು ಸಂಜೆ ಏಳಕ್ಕೇ ಪಾಸಾಯಿತು.
ಬಲಗಡೆಗೆ ಸರಾಸರಿ ಇಪ್ಪತ್ತೈದೂ ಮುಕ್ಕಾಲು;
ಇಪ್ಪತ್ತಾರರ ಒಳಗಿದ್ದರೆ ಸಾಕು ಅನ್ನುತ್ತದೆ ನಮ್ಮ ಪಟ್ಟಿ.
ಎಲ್ಲ ಸಾಲಿನ ಮುಂದೂ ಹಸಿರು ಟಿಕ್ಕು.
ಬ್ಯಾಗು ಹೆಗಲಿಗೆ ಹಾಕಿದವಳು ಹಾಗೇ ನಿಂತೆ.
ಸೀಟಿಗೆ ಗಾಳಿಯೊಂದೇ ಸಾಲದು, ತುಟಿ ಒದ್ದೆಯಿರಬೇಕು.
ಯಾವ ಸಾಲೂ ಅದನ್ನು ಕೇಳಿರಲಿಲ್ಲ.

ಕಿರಣದ ಕೋನ ಬದಲಿಸಿದೆ, ತೂಕ ಬದಲಿಸಿದೆ.
ಗ್ರಂಥಿಯಿಂದ ದೂರ ತಳ್ಳಿದ ಡೋಸು ಬಾಯೊಳಕ್ಕೆ ನುಗ್ಗುತ್ತದೆ,
ಅಲ್ಲಿ ತಡೆದರೆ ಹೆಗಲಿಗೆ,
ಬಚ್ಚಲ ಕಿಂಡಿ ಮುಚ್ಚಿದರೆ ನೀರು ನಡುಮನೆಗೆ ಬಂದ ಹಾಗೆ.
ಒಂದೊಂದು ಸುತ್ತಿಗೂ ಕಂಪ್ಯೂಟರಿಗೆ ಹನ್ನೊಂದು ನಿಮಿಷ.
ತುಂಗೆಯ ಸೇತುವೆ ಮೇಲೆ ಲಾರಿಗಳೂ ನಿಂತುಹೋದವು.
ಒಂದೂವರೆ ಗಂಟೆಗೆ ಒಂದು ಆಸೆ ಹುಟ್ಟಿತು:
ಕೆಂಪು ಗೆರೆಯನ್ನು ಎರಡೇ ಮಿಲಿಮೀಟರು ಒಳಗೆ ಸರಿಸಿದರೆ?
ಜೀರಿಗೆ ಕಾಳಿನ ದಪ್ಪ. ಯಾರಿಗೆ ಗೊತ್ತಾಗುತ್ತದೆ?

ಗಡ್ಡೆಗೆ ಗೊತ್ತಾಗುತ್ತದೆ.

ಮೌಸಿನಿಂದ ಕೈ ತೆಗೆದು ತೊಡೆಯ ಕೆಳಗಿಟ್ಟುಕೊಂಡು ಕೂತೆ.
ಮೂರೂ ಹತ್ತಕ್ಕೆ, ಬಲಗಡೆಯದು, ಇಪ್ಪತ್ತೊಂದು.
ಕೆಂಪು ಗೆರೆ ಇದ್ದಲ್ಲೇ ಇತ್ತು.

ಹತ್ತೊಂಬತ್ತನೇ ದಿನ ಮುಖವಾಡ ಸಡಿಲ.
ಏಳು ಕಿಲೋ ಇಳಿದಿದ್ದ. ಗಂಜಿಯೂ ಗಾಜಿನ ಚೂರು,
ಕೈಸನ್ನೆಯಲ್ಲಿ ಹೇಳಿದ.
ಮತ್ತೆ ಬಿಸಿನೀರು, ಮತ್ತೆ ಜಾಳಿಗೆ, ಮತ್ತೆ ಗೆರೆ;
ಬತ್ತಿದ ಕತ್ತಿನಲ್ಲಿ ನನ್ನ ಇಪ್ಪತ್ತೊಂದು ಇಪ್ಪತ್ಮೂರಾಗಿತ್ತು.
ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಿದ್ದಳು ನಮ್ಮಜ್ಜಿ.
ಬರಗಾಲ ಬಾಯಿಗೇ ಬಿದ್ದರೆ ಏನೆಂದು ಅವಳು ಹೇಳಿರಲಿಲ್ಲ.

ಹನ್ನೊಂದನೇ ತಿಂಗಳು ತೋರಿಸಲು ಬಂದ.
ಸ್ಕ್ಯಾನು ಕೋಣೆಯ ಹಿಂದಿನ ಗೋಡೆಗೆ ಒರಗಿ ಕಾಯುತ್ತಿದ್ದ,
ಕಂಕುಳಲ್ಲಿ ನೀರಿನ ಬಾಟಲಿ.
ಸೀಟಿ? ಅಂದೆ.
ಎರಡು ಬೆರಳಿಟ್ಟು ಊದಿದ. ಬರೀ ಗಾಳಿ.
"ಡ್ರೈವರು ಕನ್ನಡಿಯಾಗೆ ನನ್ ಕೈ ನೋಡಿ ಎತ್ತುತಾನೆ, ಬಿಡಿ."
ಆಮೇಲೆ, "ಇಲ್ನೋಡಿ" ಎಂದು ತಿರುಗಿ
ನಾನೇ ಅಂಟಿಸಿದ್ದ 'ಇಲ್ಲಿ ಉಗುಳಬಾರದು' ಬೋರ್ಡಿನ ಕೆಳಗೆ
ಕೆನ್ನೆಯೊಳಗೆಲ್ಲ ಹುಡುಕಿ, ಕೂಡಿಸಿ,
ಥೂ ಅಂದ.

ಬಿಳಿ. ಒಂದು ರೂಪಾಯಿ ನಾಣ್ಯದಗಲ.
ಗುಟ್ಕಾದ ಕೆಂಪಿಲ್ಲ, ರಕ್ತವಿಲ್ಲ.
ಇಬ್ಬರೂ ಬಗ್ಗಿ ನೋಡುತ್ತ ನಿಂತೆವು,
ಆಯಾ ಕೆಂಚಮ್ಮ ಪೊರಕೆ ಹಿಡಿದು
ಬೈಯುತ್ತ ಬರುವವರೆಗೂ.